ಅಪ್‌ಡೇಟ್ ಆದ್ಮೇಲೆ ನಾಪತ್ತೆಯಾದ ಲೇಯರ್ ಪ್ಯಾನೆಲ್: ನಾಲ್ಕು ದಿನದ ರಿಪೇರಿ

ಸೋಮವಾರ ಬೆಳಿಗ್ಗೆ ಡಿಸೈನ್ ಸಾಫ್ಟ್‌ವೇರ್ ಓಪನ್ ಮಾಡಿದ್ರೆ ಅದು ಅಪ್‌ಡೇಟ್ ಆಗಿ ಕೂತಿತ್ತು. ನಾನೇನೂ ಕೇಳಿರಲಿಲ್ಲ, ಆಟೋ ಅಪ್‌ಡೇಟ್ ಆನ್ ಇತ್ತು, ರಾತ್ರಿ ತನ್ನ ಪಾಡಿಗೆ ಮಾಡ್ಕೊಂಡಿದೆ. ಆಯ್ತು ಬಿಡು, ಯಾವ್ದೋ ಬಗ್ ಸರಿ ಮಾಡಿರ್ತಾರೆ ಅಂದ್ಕೊಂಡು ಶುಕ್ರವಾರ ಅರ್ಧಕ್ಕೆ ಬಿಟ್ಟಿದ್ದ ಫೈಲ್ ತೆಗೆದೆ, ಎರಡು ನಿಮಿಷ ಅದೂ ಇದೂ ತಿದ್ದಿ ಸೇವ್ ಕೂಡ ಮಾಡ್ಬಿಟ್ಟೆ. ಆ ಸೇವ್ ಮಾಡಿದ್ದೇ ಆಮೇಲೆ ಮುಳುವಾಯ್ತು, ಅದಕ್ಕೆ ಬರ್ತೀನಿ.

ಮೊದಲು ನನ್ನ ಹಳೇ ವ್ಯವಸ್ಥೆ ಹೇಳ್ಬೇಕು, ಇಲ್ಲಾಂದ್ರೆ ಯಾಕಪ್ಪಾ ಇಷ್ಟು ಗೋಳಾಡ್ತಾನೆ ಅನ್ಸುತ್ತೆ. ನಾನು ಮಾಡೋದು ಜಾಸ್ತಿ ಲೆಟರಿಂಗ್ ಕೆಲಸ, ಅಂದ್ರೆ ಫಾಂಟ್ ಹಾಕಿ ಟೈಪ್ ಮಾಡೋದಲ್ಲ, ಒಂದೊಂದು ಅಕ್ಷರಾನೂ ಪೆನ್ ಟೂಲಲ್ಲಿ ಎಳೆದು ಪಾಯಿಂಟ್ ಪಾಯಿಂಟ್ ತಿದ್ದೋದು. ಇದಕ್ಕೆ ಒಂದೇ ಫೈಲನ್ನ ಎರಡು ವಿಂಡೋದಲ್ಲಿ ಇಟ್ಕೊಳ್ತೀನಿ. ದೊಡ್ಡ ಮಾನಿಟರಲ್ಲಿ 800% ಝೂಮ್, ಪಕ್ಕದ ಹಳೇ ಮಾನಿಟರಲ್ಲಿ ಅದೇ ಫೈಲ್ ನಿಜವಾದ ಸೈಜಲ್ಲಿ. ಇಲ್ಲಿ ಒಂದು ಪಾಯಿಂಟ್ ಎಳೆದ್ರೆ ಅಲ್ಲಿ ತಕ್ಷಣ ಕಾಣ್ಬೇಕು. ಯಾಕಂದ್ರೆ 'ಕ್ಷ' ಬರೀವಾಗ ಕೆಳಗಿನ ಒತ್ತು 800% ನಲ್ಲಿ ಎಷ್ಟು ಸೊಗಸಾಗಿ ಕಾಣುತ್ತೋ ನಿಜವಾದ ಸೈಜಿಗೆ ಬಂದಾಗ ಅದರ ಒಳಗಿನ ಖಾಲಿ ಜಾಗ ಮುಚ್ಕೊಂಡು ಮಸಿ ಚೆಲ್ಲಿದ ಹಾಗೆ ಮುದ್ದೆಯಾಗಿ ಕೂತಿರುತ್ತೆ, ಅದು ದೊಡ್ಡದು ಮಾಡಿ ನೋಡ್ತಾ ಇದ್ರೆ ಜನ್ಮದಲ್ಲಿ ಗೊತ್ತಾಗಲ್ಲ. ಆ ಚಿಕ್ಕ ವಿಂಡೋ ನನಗೆ ಅಡುಗೆ ಮಾಡ್ತಾ ಉಪ್ಪು ನೋಡೋ ಸೌಟು ಇದ್ದ ಹಾಗೆ.

ನಿಜವಾದ ಸೈಜ್ ಅಂದೆ, ಅದಕ್ಕೂ ಒಂದು ಲೆಕ್ಕ ಇದೆ. ದೊಡ್ಡದು 27 ಇಂಚಿನ 4ಕೆ, ಇಂಚಿಗೆ ಸುಮಾರು 163 ಪಿಕ್ಸೆಲ್, ಸ್ಕೇಲ್, ಅಂದ್ರೆ ವಿಂಡೋಸ್ ಎಲ್ಲಾನೂ ಎಷ್ಟು ದೊಡ್ಡದು ಮಾಡಿ ತೋರ್ಸುತ್ತೆ ಅನ್ನೋದು, 150% ಇಟ್ಟಿದ್ದೀನಿ. ಹಳೇದು 24 ಇಂಚಿನ 1920×1080, ಇಂಚಿಗೆ ಸುಮಾರು 92, ಸ್ಕೇಲ್ 100%. ಈ ಪ್ರೋಗ್ರಾಮು ಇಂಚಿಗೆ 96 ಪಿಕ್ಸೆಲ್ ಅಂತ ತಿಳ್ಕೊಂಡು ಝೂಮ್ ಲೆಕ್ಕ ಹಾಕುತ್ತೆ, ಅದಕ್ಕೆ ಹಳೇ ಮಾನಿಟರಲ್ಲಿ 100% ಇಟ್ರೆ 100 ಮಿಲಿಮೀಟರ್ ಗೆರೆ ಸ್ಕೇಲ್ ಪಟ್ಟಿ ಇಟ್ಟು ಅಳೆದ್ರೆ 104 ಬರುತ್ತೆ. 96% ಇಟ್ರೆ ಸರಿಯಾಗಿ ಕೂರುತ್ತೆ. ಹಾಗಾಗಿ ಎರಡನೇ ವಿಂಡೋ ಯಾವಾಗ್ಲೂ ಹಳೇ ಮಾನಿಟರ್, 96%. ಲೇಯರ್ (ಚಿತ್ರದ ಪದರಗಳ ಪಟ್ಟಿ), ಬಣ್ಣ, ಅಲೈನ್ ಅಂತ ಸಲಕರಣೆ ಇರೋ ಚಿಕ್ಕ ಚಿಕ್ಕ ಪ್ಯಾನೆಲ್‌ಗಳೂ ಅಲ್ಲೇ. ದೊಡ್ಡ ಸ್ಕ್ರೀನಲ್ಲಿ ಡ್ರಾಯಿಂಗ್ ಬಿಟ್ಟು ಬೇರೇನೂ ಇರ್ಬಾರ್ದು. ವರ್ಷಗಟ್ಟಲೆ ಹೀಗೇ ಮಾಡಿ ಮಾಡಿ ಕಣ್ಣು ಮುಚ್ಕೊಂಡು ಮೌಸ್ ತಳ್ಳಿದ್ರೂ ಲೇಯರ್ ಪ್ಯಾನೆಲ್ ಮೇಲೆ ಹೋಗಿ ನಿಲ್ಲೋದು.

ಅಪ್‌ಡೇಟ್ ಆದ್ಮೇಲೆ ಏನಾಗಿತ್ತು ಅಂದ್ರೆ, ನ್ಯೂ ವಿಂಡೋ ಕೊಟ್ರೆ ಬೇರೆ ವಿಂಡೋ ಬರಲ್ಲ, ಅದೇ ಚೌಕಟ್ಟಿನ ಒಳಗೆ ಇನ್ನೊಂದು ಟ್ಯಾಬ್ ಬರುತ್ತೆ. ಎರಡು ಟ್ಯಾಬ್ ಒಟ್ಟಿಗೆ ನೋಡೋಕಾಗುತ್ತಾ? ಇಲ್ಲ. ಸರಿ ಟ್ಯಾಬ್ ಹಿಡ್ಕೊಂಡು ಹೊರಗೆ ಎಳೆದೆ, ಬಂತು, ಆದ್ರೆ ದಾರೀಲಿ ಯಾವ ಅಂಚಿಗೆ ಸ್ವಲ್ಪ ತಾಗಿದ್ರೂ ಸಾಕು ಒಂದು ನೀಲಿ ಗೆರೆ ಮಿಂಚಿ ಅಲ್ಲೇ ಹೋಗಿ ಅಂಟ್ಕೊಳ್ಳುತ್ತೆ. ನಾಲ್ಕನೇ ಸಲಕ್ಕೆ ಗೊತ್ತಾಯ್ತು ಕಂಟ್ರೋಲ್ ಕೀ ಹಿಡ್ಕೊಂಡು ಎಳೆದ್ರೆ ಅಂಟಲ್ಲ ಅಂತ. ಅಂತೂ ಹೊರಗೆ ಬಂದ ವಿಂಡೋ ಇದ್ಯಲ್ಲ, ಅದು ಸ್ವತಂತ್ರ ಅಲ್ಲ, ಬಾಲಂಗೋಚಿ. ಮುಖ್ಯ ವಿಂಡೋ ಮೇಲೇ ಯಾವಾಗ್ಲೂ ಕೂತಿರುತ್ತೆ, ಹಿಂದಕ್ಕೆ ಕಳಿಸೋಕಾಗಲ್ಲ. ಮುಖ್ಯ ವಿಂಡೋ ಮಿನಿಮೈಸ್ ಮಾಡಿದ್ರೆ ಇದೂ ಮಾಯ. ಟಾಸ್ಕ್‌ಬಾರಲ್ಲಿ ಕಾಣಲ್ಲ, ಆಲ್ಟ್ ಟ್ಯಾಬಲ್ಲೂ ಕಾಣಲ್ಲ.

ಇಷ್ಟು ಸಾಲ್ದು ಅಂತ ಲೇಯರ್ ಪ್ಯಾನೆಲ್ಲೇ ಇಲ್ಲ. ಮೆನುಗೆ ಹೋದ್ರೆ ಲೇಯರ್ಸ್ ಅಂತ ಟಿಕ್ ಮಾರ್ಕ್ ಇದೆ, ತೆಗೆದು ಮತ್ತೆ ಹಾಕ್ದೆ, ಟಿಕ್ ಬರುತ್ತೆ ಹೋಗುತ್ತೆ, ಸ್ಕ್ರೀನಲ್ಲಿ ಏನೂ ಇಲ್ಲ. ಪ್ರೋಗ್ರಾಮು ಇದೆ ಅನ್ನುತ್ತೆ, ನನ್ನ ಕಣ್ಣು ಇಲ್ಲ ಅನ್ನುತ್ತೆ.

ಹಳೇ ವರ್ಷನ್ನಿಗೆ ವಾಪಸ್ ಹೋಗೋಣ ಅಂತ ಮೊದಲು ಯೋಚನೆ ಬಂದಿದ್ದು. ಹಳೇ ಇನ್‌ಸ್ಟಾಲರ್ ಡಿಸ್ಕಲ್ಲಿ ಇಟ್ಟಿದ್ದೆ, ಹಾಕ್ದೆ, ಓಪನ್ನೂ ಆಯ್ತು, ಆದ್ರೆ ಬೆಳಿಗ್ಗೆ ಸೇವ್ ಮಾಡಿದ ಫೈಲ್ ಹೊಸ ಫಾರ್ಮ್ಯಾಟಿಗೆ ಹೋಗಿಬಿಟ್ಟಿತ್ತು, ಹಳೇದು ಅದನ್ನ ಮೂಸಿ ಕೂಡ ನೋಡ್ಲಿಲ್ಲ. ಬ್ಯಾಕಪ್ ಶುಕ್ರವಾರದ್ದು ಇತ್ತು, ಎರಡು ನಿಮಿಷದ ಕೆಲಸ ಹೋದ್ರೆ ಹೋಗ್ಲಿ ಅನ್ಬಹುದಿತ್ತು, ಆದ್ರೆ ಇವತ್ತಲ್ಲ ನಾಳೆ ಹೊಸದಕ್ಕೆ ಬರ್ಲೇಬೇಕು, ಬೇರೆಯವರು ಕಳಿಸೋ ಫೈಲ್ ಎಲ್ಲಾ ಹೊಸದರಲ್ಲೇ ಬರುತ್ತೆ. ಅದಕ್ಕೆ ಇದನ್ನೇ ಪಳಗಿಸೋದು ಅಂತ ಕೂತೆ.

ಆಮೇಲೆ ಮಾಡಿದ್ದು ನನ್ನ ತಪ್ಪು. ಪ್ರೋಗ್ರಾಮ್ ಶುರುವಾಗೋವಾಗ ಮೂರು ಕೀ ಒಟ್ಟಿಗೆ ಹಿಡ್ಕೊಂಡ್ರೆ ಸೆಟ್ಟಿಂಗ್ ಎಲ್ಲಾ ಮೊದಲಿನ ಸ್ಥಿತಿಗೆ ಹೋಗುತ್ತೆ, ಅದು ಗೊತ್ತಿತ್ತು, ಕೋಪದಲ್ಲಿ ಹಿಡ್ಕೊಂಡೇಬಿಟ್ಟೆ, ಬೇಕಾ ಅಂತ ಕೇಳಿದ್ದಕ್ಕೆ ಹೂಂ ಅಂದೂಬಿಟ್ಟೆ. ಲೇಯರ್ ಪ್ಯಾನೆಲ್ ಬಂತು! ದೊಡ್ಡ ಸ್ಕ್ರೀನಿನ ಬಲಗಡೆ ಅಂಟ್ಕೊಂಡು ಬಂತು. ಖುಷಿ ಹತ್ತು ಸೆಕೆಂಡ್ ಇರ್ಲಿಲ್ಲ, ಪಾಯಿಂಟ್ ಸೇರ್ಸೋಕೆ ನಾನು ಇಟ್ಕೊಂಡಿದ್ದ ಶಾರ್ಟ್‌ಕಟ್ ಒತ್ತಿದ್ರೆ ಏನೋ ಪ್ರಿಂಟ್ ಡೈಲಾಗ್ ಓಪನ್ ಆಯ್ತು. ಶಾರ್ಟ್‌ಕಟ್ ಎಲ್ಲಾ ಒರೆಸಿಕೊಂಡು ಹೋಗಿತ್ತು. ಮೂಗು ಸೋರುತ್ತೆ ಅಂತ ಮೂಗೇ ಕೊಯ್ಕೊಂಡ ಹಾಗಾಯ್ತು.

ಬಚಾವಾಗಿದ್ದು ಹೆಂಗೆ ಅಂದ್ರೆ ಈ ಪ್ರೋಗ್ರಾಮು ಪ್ರತಿ ವರ್ಷನ್ನಿಗೂ ಬೇರೆ ಬೇರೆ ಸೆಟ್ಟಿಂಗ್ ಫೋಲ್ಡರ್ ಮಾಡ್ಕೊಳ್ಳುತ್ತೆ. ಯೂಸರ್ ಫೋಲ್ಡರಿನ ಒಳಗೆ ಆ್ಯಪ್‌ಡೇಟಾ, ಅದರೊಳಗೆ ರೋಮಿಂಗ್, ಅಲ್ಲಿ ಪ್ರೋಗ್ರಾಮಿನ ಹೆಸರಲ್ಲಿ ಹಳೇ ನಂಬರಿನ ಫೋಲ್ಡರ್ ಹಂಗೇ ಬಿದ್ದಿತ್ತು. ಆ್ಯಪ್‌ಡೇಟಾ ಹಿಡನ್ ಇರುತ್ತೆ, ಹಿಡನ್ ಐಟಮ್ಸ್ ತೋರ್ಸು ಅಂತ ಟಿಕ್ ಹಾಕಿದ್ಮೇಲೆ ಕಾಣೋದು. ಶಾರ್ಟ್‌ಕಟ್ ಫೈಲ್ ಅಲ್ಲಿಂದ ಎತ್ತಿ ಹೊಸ ಫೋಲ್ಡರಿಗೆ ಹಾಕ್ದೆ, ಬಂತು. ಆಮೇಲೆ ಮಾತ್ರ ಎರಡೂ ಫೋಲ್ಡರ್ ಪೂರ್ತಿ ಕಾಪಿ ಮಾಡಿ ಬೇರೆ ಡಿಸ್ಕಿಗೆ ಹಾಕಿದೆ. ಇದನ್ನ ಮೊದಲೇ ಮಾಡ್ಬೇಕಿತ್ತು ಅಂತ ಯಾರೂ ಹೇಳೋದು ಬೇಡ, ನಾನೇ ಹೇಳ್ಕೊಂಡಾಗಿದೆ.

ಆದ್ರೆ ಈ ಎಡವಟ್ಟಿನಿಂದ ಒಂದು ಸುಳಿವು ಸಿಕ್ತು. ರೀಸೆಟ್ ಮಾಡಿದಾಗ ಪ್ಯಾನೆಲ್ ಬಂತು. ವರ್ಕ್‌ಸ್ಪೇಸ್ ಅಂದ್ರೆ ಯಾವ ಪ್ಯಾನೆಲ್ ಎಲ್ಲಿರ್ಬೇಕು ಅನ್ನೋ ಜೋಡಣೆ, ನಾನು ಹೆಸರಿಟ್ಟು ಸೇವ್ ಮಾಡಿದ್ದ 'ಅಕ್ಷರ' ಅನ್ನೋ ವರ್ಕ್‌ಸ್ಪೇಸನ್ನ ಲೋಡ್ ಮಾಡಿದ ತಕ್ಷಣ ಮತ್ತೆ ಮಾಯ. ಡಿಫಾಲ್ಟ್ ಹಾಕಿದ್ರೆ ಬರುತ್ತೆ, 'ಅಕ್ಷರ' ಹಾಕಿದ್ರೆ ಹೋಗುತ್ತೆ. ಐದು ಸಲ ಹಿಂದೆ ಮುಂದೆ ಮಾಡಿ ನೋಡ್ದೆ, ಐದು ಸಲಾನೂ ಹಾಗೇ. ಅಂದ್ರೆ ಪ್ಯಾನೆಲ್ ಕೆಟ್ಟಿಲ್ಲ, ನನ್ನ ವರ್ಕ್‌ಸ್ಪೇಸ್ ಅದನ್ನ ಎಲ್ಲಿಗೋ ಓಡಿಸ್ತಿದೆ. ಎಲ್ಲಿಗೆ?

ಮಂಗಳವಾರ ಪೂರ್ತಿ ಇದರ ಹಿಂದೇನೇ. ಸ್ಕ್ರೀನಿನ ಹೊರಗೆ ಹೋದ ವಿಂಡೋ ವಾಪಸ್ ತರೋಕೆ ವಿಂಡೋಸಲ್ಲಿ ಹಳೇ ಉಪಾಯ ಒಂದಿದೆ, ಆಲ್ಟ್ ಹಿಡ್ಕೊಂಡು ಸ್ಪೇಸ್ ಒತ್ತಿ ಆಮೇಲೆ ಎಂ ಒತ್ತಿ ಒಂದ್ಸಲ ಬಾಣದ ಕೀ ತಟ್ಟಿದ್ರೆ ವಿಂಡೋ ಮೌಸಿಗೆ ಅಂಟ್ಕೊಂಡು ಬರುತ್ತೆ. ಮಾಮೂಲಿ ಪ್ರೋಗ್ರಾಮ್ ಕಳೆದುಹೋದ್ರೆ ಇದು ನೂರಕ್ಕೆ ತೊಂಬತ್ತು ಸಲ ಕೆಲಸ ಮಾಡುತ್ತೆ. ಇಲ್ಲಿ ಮಾಡ್ಲಿಲ್ಲ, ಯಾಕಂದ್ರೆ ಈ ಪ್ಯಾನೆಲ್‌ಗಳಿಗೆ ಆ ಮೆನುನೇ ಇಲ್ಲ, ಟೈಟಲ್ ಬಾರನ್ನೇ ಅವರು ತಾವೇ ಚಿತ್ರ ಬರ್ಕೊಂಡಿದ್ದಾರೆ. ಟಾಸ್ಕ್‌ಬಾರಲ್ಲಿ ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ ಮೂವ್ ಕೊಡೋಣ ಅಂದ್ರೆ ಟಾಸ್ಕ್‌ಬಾರಲ್ಲೇ ಅದು ಇಲ್ಲ.

ಅದಕ್ಕೆ ಆಟೋಹಾಟ್‌ಕೀ ಹಿಡ್ಕೊಂಡೆ. ಕೀಬೋರ್ಡ್ ಶಾರ್ಟ್‌ಕಟ್ಟು, ವಿಂಡೋ ಸರಿಸೋದು ಇದಕ್ಕೆಲ್ಲಾ ಚಿಕ್ಕ ಚಿಕ್ಕ ಸ್ಕ್ರಿಪ್ಟ್ ಬರೆಯೋ ಫ್ರೀ ಪ್ರೋಗ್ರಾಮ್ ಅದು, ವಿಂಡೋಸಿಗೆ ಮಾತ್ರ. 2022ರ ಕೊನೆಗೆ ಅದರ ಎರಡನೇ ಆವೃತ್ತಿ ಬಂತು, ಮೊದಲನೇದಕ್ಕೆ ಬರೆದ ಸ್ಕ್ರಿಪ್ಟ್ ಇದರಲ್ಲಿ ಹಾಗ್ಹಾಗೇ ಓಡಲ್ಲ, ನನ್ನ ಹತ್ರ ಇದ್ದ ಹಳೇ ಸ್ಕ್ರಿಪ್ಟ್ ಎಲ್ಲಾ ಮತ್ತೆ ಬರೆದೆ. ಅಪ್‌ಡೇಟಿಗೆ ಬೈತಾ ಕೂತವನು ಇನ್ನೊಂದು ಅಪ್‌ಡೇಟಿಗೋಸ್ಕರ ಒಂದು ಗಂಟೆ ಕೂತಿದ್ದೆ.

ಸ್ಕ್ರಿಪ್ಟ್ ಮಾಡೋದು ಇಷ್ಟೇ. ಡಿಸೈನ್ ಪ್ರೋಗ್ರಾಮಿಗೆ ಸೇರಿದ ಎಲ್ಲಾ ವಿಂಡೋಗಳ ಪಟ್ಟಿ ತಗೋ, ಒಂದೊಂದರ ಹೆಸರು, ಎಡ ಅಂಚು, ಮೇಲಿನ ಅಂಚು, ಅಗಲ, ಎತ್ತರ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡು. ವಿನ್‌ಗೆಟ್‌ಲಿಸ್ಟ್, ವಿನ್‌ಗೆಟ್‌ಟೈಟಲ್, ವಿನ್‌ಗೆಟ್‌ಪಾಸ್ ಅಂತ ಮೂರು ಕಮಾಂಡು, ಒಂದು ಲೂಪು, ಹತ್ತು ಸಾಲು ಕೂಡ ಇಲ್ಲ. ಓಡಿಸಿದೆ. ಹದಿನಾಲ್ಕು ವಿಂಡೋ ಬಂತು. ನಾನು ಕಣ್ಣಲ್ಲಿ ಎಣಿಸಿದ್ರೆ ಮೂರೇ ಇರೋದು! ಕೆಲವಕ್ಕೆ ಹೆಸರೇ ಇಲ್ಲ, ಅಗಲ ಸೊನ್ನೆ ಎತ್ತರ ಸೊನ್ನೆ. ಒಂದರ ಜಾಗ ಮೈನಸ್ 32000 ಅಂತ ಇತ್ತು, ಗಾಬರಿ ಆಗೋದು ಬೇಡ, ವಿಂಡೋಸ್ ಮಿನಿಮೈಸ್ ಮಾಡಿದ ವಿಂಡೋಗಳನ್ನ ಅಲ್ಲಿ ಇಡೋದು. ಒಂಬತ್ತನೇ ಸಾಲಲ್ಲಿ ಇತ್ತು ನೋಡಿ, ಲೇಯರ್ಸ್, ಎಡದಿಂದ 4012, ಮೇಲಿಂದ 120, ಅಗಲ 320, ಎತ್ತರ 900.

4012. ನನ್ನ ದೊಡ್ಡ ಮಾನಿಟರಿನ ಅಗಲವೇ 3840.

ಇಲ್ಲಿ ಸ್ವಲ್ಪ ವಿವರಿಸ್ತೀನಿ. ವಿಂಡೋಸಿಗೆ ಎಲ್ಲಾ ಮಾನಿಟರ್ ಸೇರಿ ಒಂದೇ ದೊಡ್ಡ ಹಾಸು. ಮುಖ್ಯ ಮಾನಿಟರಿನ ಎಡ ಮೇಲ್ಮೂಲೆ ಸೊನ್ನೆ. ಅದರ ಬಲಕ್ಕೆ ಇನ್ನೊಂದು ಮಾನಿಟರ್ ಇದ್ರೆ ಅದು 3840ರಿಂದ ಮುಂದಕ್ಕೆ, ಎಡಕ್ಕೆ ಇದ್ರೆ ಮೈನಸ್ ನಂಬರು, ನನ್ನ ಹಳೇ ಮಾನಿಟರ್ 1920 ಅಗಲ ಇರೋದ್ರಿಂದ ಮೈನಸ್ 1920ರಿಂದ ಮೈನಸ್ 1ರವರೆಗೆ. ಈಗ ನನ್ನ ಹಳೇ ಮಾನಿಟರ್ ಇರೋದು ಎಡಗಡೆ. ಹಾಗಾದ್ರೆ 4012ರಲ್ಲಿ ಏನಿದೆ? ಗೋಡೆ ಇದೆ.

ಆಮೇಲೆ ತಲೆಗೆ ಹೊಳೀತು. ಕೆಲವು ತಿಂಗಳ ಹಿಂದೆ ಕಿಟಕಿ ಬೆಳಕು ಹೊಳೀತಿದೆ ಅಂತ ಹಳೇ ಮಾನಿಟರನ್ನ ಬಲಗಡೆಯಿಂದ ಎತ್ತಿ ಎಡಗಡೆ ಇಟ್ಟಿದ್ದೆ. ಆವಾಗ ಪ್ಯಾನೆಲ್‌ಗಳನ್ನ ಒಂದ್ಸಲ ಎಳೆದು ಎಡಕ್ಕೆ ಹಾಕ್ಕೊಂಡೆ, ಹಳೇ ವರ್ಷನ್ನು ಪ್ರತಿದಿನ ಮುಚ್ಚಿದ ಜಾಗದಲ್ಲೇ ತೆರೀತಿತ್ತು, ಹಾಗಾಗಿ ವರ್ಕ್‌ಸ್ಪೇಸನ್ನ ಮತ್ತೆ ಸೇವ್ ಮಾಡ್ಬೇಕು ಅನ್ನೋದೇ ತಲೇಲಿ ಬರ್ಲಿಲ್ಲ. ಹೊಸ ವರ್ಷನ್ ಬಂದಾಗ ನಿನ್ನೆ ಮುಚ್ಚಿದ ಜಾಗ ತಗೊಂಡಿಲ್ಲ, ಹೆಸರಿಟ್ಟ ವರ್ಕ್‌ಸ್ಪೇಸನ್ನ ಮಾತ್ರ ಎತ್ಕೊಂಡಿದೆ, ಅದರಲ್ಲಿ ಇರೋದು ಮಾನಿಟರ್ ಬಲಗಡೆ ಇದ್ದ ಕಾಲದ ನಂಬರು. ಬೆಳಿಗ್ಗೆಯಿಂದ ಬೈದಿದ್ದರಲ್ಲಿ ಅರ್ಧ ವಾಪಸ್ ತಗೋಬೇಕಾಯ್ತು.

ಅರ್ಧ ಮಾತ್ರ. ಯಾಕಂದ್ರೆ ಅಲ್ಲಿ ಮಾನಿಟರ್ ಇದ್ಯಾ ಇಲ್ವಾ ಅಂತ ನೋಡೋದು ಪ್ರೋಗ್ರಾಮಿನ ಕೆಲಸ, ಹಳೇ ವರ್ಷನ್ನು ನೋಡ್ತಿತ್ತು, ಅದೇ ವರ್ಕ್‌ಸ್ಪೇಸ್ ಲೋಡ್ ಮಾಡಿದ್ರೆ ಪ್ಯಾನೆಲ್‌ಗಳನ್ನ ಎಳೆದು ಒಳಗೆ ತರ್ತಿತ್ತು, ಹಾಕಿ ನೋಡಿ ಖಾತ್ರಿ ಮಾಡ್ಕೊಂಡೆ. ವಿಂಡೋಸಲ್ಲಿ ವಿಂಡೋನ ಒಂದು ಜಾಗಕ್ಕೆ ಇಡೋಕೆ ಒಂದಕ್ಕಿಂತ ಜಾಸ್ತಿ ದಾರಿ ಇದೆ, ಸೆಟ್‌ವಿಂಡೋಪ್ಲೇಸ್‌ಮೆಂಟ್ ಅಂತ ಕರೆದ್ರೆ ಪೂರ್ತಿ ಸ್ಕ್ರೀನಿನ ಹೊರಗೆ ಬೀಳೋ ಹಾಗಿದ್ರೆ ವಿಂಡೋಸೇ ಒಳಕ್ಕೆ ತರುತ್ತೆ, ಸೆಟ್‌ವಿಂಡೋಪಾಸ್ ಅಂತ ಕರೆದ್ರೆ ಹೇಳಿದ ಜಾಗಕ್ಕೆ ಕಣ್ಣು ಮುಚ್ಕೊಂಡು ಇಡುತ್ತೆ, ಬಾವಿಗೆ ಹಾಕು ಅಂದ್ರೆ ಬಾವಿಗೆ.

ಸರಿ ಪ್ಯಾನೆಲ್ ಸಿಕ್ತಲ್ಲ, ಎಳೆದು ತರೋಣ. ವಿನ್‌ಮೂವ್ ಕಮಾಂಡಿಗೆ ಎಡದಿಂದ ಮೈನಸ್ 320, ಮೇಲಿಂದ 100, ಅಗಲ 320, ಎತ್ತರ 900 ಅಂತ ಕೊಟ್ಟೆ, ಹಳೇ ಮಾನಿಟರಿನ ಬಲ ಅಂಚಿಗೆ ಸರಿಯಾಗಿ ಕೂರ್ಬೇಕು. ಬಂತು ಪುಣ್ಯಾತ್ಮ, ಆದ್ರೆ ಸೊರಗಿಹೋಗಿ ಬಂತು. ಲೇಯರ್ ಹೆಸರೆಲ್ಲಾ ಮೊದಲ ಮೂರು ಅಕ್ಷರ ಆದ್ಮೇಲೆ ಚುಕ್ಕೆ ಚುಕ್ಕೆ. ಮತ್ತೆ ಅಳೆದ್ರೆ ಅಗಲ 213, ಎತ್ತರ 600. ನಾನು ಕೊಟ್ಟಿದ್ದು 320 ಕಣಪ್ಪಾ!

ಈ 213 ಎಲ್ಲಿಂದ ಬಂತು ಅಂತ ಕ್ಯಾಲ್ಕುಲೇಟರ್ ಹಿಡ್ಕೊಂಡು ಸುಮಾರು ಹೊತ್ತು ಕೂತೆ. 320ನ್ನ 1.5ರಿಂದ ಭಾಗಿಸಿದ್ರೆ 213. ಎತ್ತರನೂ ಹಾಗೇ, 900 ಹೋಗಿ 600. 1.5 ಅಂದ್ರೆ ದೊಡ್ಡ ಮಾನಿಟರಿನ 150% ಸ್ಕೇಲ್. ಪ್ಯಾನೆಲ್ ಗೋಡೆ ಒಳಗೆ ಇದ್ದಾಗ ವಿಂಡೋಸ್ ಅದನ್ನ ಹತ್ತಿರದ ಮಾನಿಟರಿಗೆ, ಅಂದ್ರೆ ದೊಡ್ಡದಕ್ಕೆ ಸೇರಿದ್ದು ಅಂತ ಲೆಕ್ಕ ಇಟ್ಕೊಂಡಿದೆ. ಅಲ್ಲಿಂದ 100% ಸ್ಕೇಲಿನ ಮಾನಿಟರಿಗೆ ಬಂದ ತಕ್ಷಣ ವಿಂಡೋಸ್ ಅದಕ್ಕೆ ನಿನ್ನ ಡಿಪಿಐ (ಇಂಚಿಗೆ ಇಷ್ಟು ಪಿಕ್ಸೆಲ್ ಅನ್ನೋ ಲೆಕ್ಕ, 100% ಸ್ಕೇಲಿಗೆ 96) 144 ಇದ್ದಿದ್ದು ಈಗ 96 ಆಯ್ತು ಅಂತ ಸುದ್ದಿ ಕಳಿಸುತ್ತೆ, ಪ್ಯಾನೆಲ್ ಸುದ್ದಿ ಕೇಳಿ ವಿಧೇಯವಾಗಿ ಮೂರನೇ ಎರಡು ಭಾಗಕ್ಕೆ ಕುಗ್ಗುತ್ತೆ. ಜಾಗಕ್ಕೆ ಹೋಗೋದು ಮೊದಲು, ಕುಗ್ಗೋದು ಆಮೇಲೆ, ಹಾಗಾಗಿ ನಾನು ಕೊಟ್ಟ ಸೈಜು ನೀರು ಪಾಲು. ಪರಿಹಾರ ಕೇಳಿದ್ರೆ ನಗ್ತೀರ, ಅದೇ ಕಮಾಂಡನ್ನ ಎರಡು ಸಲ ಕೊಡೋದು. ಮೊದಲನೇ ಸಲ ಮಾನಿಟರ್ ದಾಟಿ ಕುಗ್ಗುತ್ತೆ, ಎರಡನೇ ಸಲ ಆಗಲೇ ಅಲ್ಲೇ ಇರೋದ್ರಿಂದ ಸುದ್ದಿ ಬರಲ್ಲ, ಹೇಳಿದ ಸೈಜಿಗೆ ಕೂರುತ್ತೆ. ಮಧ್ಯ 100 ಮಿಲಿಸೆಕೆಂಡ್ ನಿದ್ದೆ ಹಾಕಿದೆ, ಇಲ್ಲಾಂದ್ರೆ ಕೆಲವು ಸಲ ಎರಡನೇ ಮಾತೂ ಕೇಳಿಸ್ಕೊಳ್ಳಲ್ಲ.

ಪ್ಯಾನೆಲ್ ಕೂತ್ಮೇಲೆ 'ಅಕ್ಷರ' ವರ್ಕ್‌ಸ್ಪೇಸ್ ಮತ್ತೆ ಸೇವ್ ಮಾಡ್ದೆ, ಮುಚ್ಚಿ ತೆಗೆದೆ, ಸರಿಯಾಗಿ ಬಂತು. ಇನ್ನೂ ನಾಲ್ಕು ವರ್ಕ್‌ಸ್ಪೇಸ್ ಇದ್ವು, ಅವುಗಳಲ್ಲೂ ಇದೇ ರೋಗ. ಒಂದೊಂದನ್ನೂ ಹೀಗೆ ಎಳೆದು ತರೋ ಬದಲು ಸೆಟ್ಟಿಂಗ್ ಫೋಲ್ಡರಲ್ಲಿ ಅವುಗಳ ಫೈಲ್ ನೋಟ್‌ಪ್ಯಾಡಲ್ಲಿ ತೆಗೆದೆ, ಎಕ್ಸ್‌ಎಂಎಲ್, ಓದೋಕೆ ಬರುತ್ತೆ. ಪ್ರತಿ ಪ್ಯಾನೆಲ್ಲಿಗೂ ಎಡ ಅಂಚಿನ ನಂಬರ್ ಇದೆ. ಬಲಗಡೆ ಮಾನಿಟರಲ್ಲಿ ಇದ್ದದ್ದು ಎಡಗಡೆ ಮಾನಿಟರಲ್ಲಿ ಅದೇ ಜಾಗಕ್ಕೆ ಬರ್ಬೇಕು ಅಂದ್ರೆ 3840 ಮತ್ತೆ 1920 ಸೇರಿಸಿ 5760 ಕಳೀಬೇಕು ಅಷ್ಟೇ. 4012 ಇದ್ದಿದ್ದು ಮೈನಸ್ 1748 ಆಯ್ತು. ಹನ್ನೊಂದು ನಂಬರ್ ಕೈಯಲ್ಲೇ ತಿದ್ದಿದೆ, ಸೇವ್ ಮಾಡ್ದೆ, ಪ್ರೋಗ್ರಾಮ್ ಮುಚ್ಚಿ ತೆಗೆದೆ, ಏನೂ ಬದಲಾಗಿಲ್ಲ. ನೋಟ್‌ಪ್ಯಾಡ್ ತೆಗೆದು ನೋಡಿದ್ರೆ ಹಳೇ ನಂಬರೇ ಕೂತಿದೆ. ಪ್ರೋಗ್ರಾಮ್ ಓಪನ್ ಇಟ್ಕೊಂಡೇ ತಿದ್ದಿದ್ದೆ, ಅದು ಮುಚ್ಚೋವಾಗ ತನ್ನ ನೆನಪಲ್ಲಿ ಇದ್ದಿದ್ದನ್ನ ನನ್ನದರ ಮೇಲೆ ಬರೆದು ಹೋಗಿದೆ. ಮೊದಲು ಮುಚ್ಚಿ ಆಮೇಲೆ ತಿದ್ದಬೇಕು. ಇನ್ನೊಂದ್ಸಲ ಹನ್ನೊಂದು ನಂಬರು.

ಬುಧವಾರ ಬಾಲಂಗೋಚಿಗಳ ಕಡೆ ತಿರುಗಿದೆ. ಅವು ಯಾಕೆ ಹಾಗೆ ಆಡ್ತವೆ ಅಂದ್ರೆ, ವಿಂಡೋಸಲ್ಲಿ ಒಂದು ವಿಂಡೋಗೆ ಇನ್ನೊಂದು ವಿಂಡೋ ಯಜಮಾನ ಆಗಿರ್ಬಹುದು. ಯಜಮಾನ ಇರೋ ವಿಂಡೋ ಯಾವಾಗ್ಲೂ ಯಜಮಾನನ ಮೇಲೇ ಇರುತ್ತೆ, ಯಜಮಾನ ಮಿನಿಮೈಸ್ ಆದ್ರೆ ಇದೂ ಮರೆಯಾಗುತ್ತೆ, ಸಾಮಾನ್ಯವಾಗಿ ಟಾಸ್ಕ್‌ಬಾರಲ್ಲಿ ಬಟನ್ ಸಿಗಲ್ಲ. ಡೈಲಾಗ್ ಬಾಕ್ಸಿಗೆ ಇದು ಸರೀನೇ, ಸೇವ್ ಮಾಡ್ಬೇಕಾ ಅಂತ ಕೇಳೋ ಬಾಕ್ಸು ಹಿಂದೆ ಹೋಗಿ ಬಚ್ಚಿಟ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ. ಪ್ಯಾನೆಲ್ಲಿಗೂ ಸರಿ. ಆದ್ರೆ ಡಾಕ್ಯುಮೆಂಟ್ ವಿಂಡೋಗೆ ಯಾಕೆ ಯಜಮಾನ? ಅದೇ ನನಗೆ ನಿಜವಾಗ್ಲೂ ಸಿಟ್ಟು ಬಂದ ಜಾಗ. ಪ್ಯಾನೆಲ್ ಅಂದ್ರೆ ಸುತ್ತಿಗೆ ಉಳಿ ಇದ್ದ ಹಾಗೆ, ಡಾಕ್ಯುಮೆಂಟ್ ಅಂದ್ರೆ ಕೆತ್ತೋ ಮರ, ಎರಡನ್ನೂ ಒಂದೇ ಡಬ್ಬಿಗೆ ಹಾಕಿದ್ದಾರೆ.

ಈ ಒಳಗೆ ಹೊರಗೆ ಆಟ ಹೊಸದೇನಲ್ಲ ಬಿಡಿ. ಜೆರಾಕ್ಸ್ ಸ್ಟಾರ್ ಅನ್ನೋ ಕಂಪ್ಯೂಟರ್ 1981ರಲ್ಲಿ ಬಂದಾಗ ವಿಂಡೋಗಳು ಒಂದರ ಪಕ್ಕ ಒಂದು ಹೆಂಚು ಜೋಡಿಸಿದ ಹಾಗೆ. 1985ರ ಮೊದಲನೇ ವಿಂಡೋಸಲ್ಲೂ ಅಷ್ಟೇ, ಒಂದರ ಮೇಲೆ ಒಂದು ಇಡೋ ಹಾಗಾಗಿದ್ದು 1987ರ ಎರಡನೇ ಆವೃತ್ತಿಯಲ್ಲಿ. ಫೋಟೋಶಾಪಿಗೆ ಟ್ಯಾಬ್ ಬಂದಿದ್ದು 2008ರ ಸಿಎಸ್4ರಲ್ಲಿ. ಫೋಟೋ ತಿದ್ದೋ ಫ್ರೀ ಪ್ರೋಗ್ರಾಮ್ ಗಿಂಪ್ ಬಿಡಿ ಬಿಡಿ ವಿಂಡೋಗೇ ಹೆಸರಾಗಿತ್ತು, 2012ರಲ್ಲಿ 2.8 ಬಂದಾಗ ಎಲ್ಲಾ ಒಂದೇ ವಿಂಡೋಗೆ ತರೋ ಆಯ್ಕೆ ಕೊಟ್ರು, ಬೇಡ ಅಂದವರು ಮೊದಲಿನ ಹಾಗೇ ಇಟ್ಕೊಳ್ಳಬಹುದಿತ್ತು, ಮಾಡೋದಿದ್ರೆ ಹಾಗೆ ಮಾಡ್ಬೇಕು ನೋಡಿ. ಇದೇ ಹೊತ್ತಿಗೆ ಎಕ್ಸೆಲ್ 2013ರಲ್ಲಿ ಉಲ್ಟಾ ಹೋಯ್ತು, ಅಲ್ಲೀವರೆಗೆ ಒಂದೇ ಚೌಕಟ್ಟಿನೊಳಗಿದ್ದ ಫೈಲ್‌ಗಳನ್ನ ಬಿಡಿ ಬಿಡಿ ವಿಂಡೋ ಮಾಡ್ತು. ಎತ್ತು ಏರಿಗೆ, ಕೋಣ ನೀರಿಗೆ.

ರಿಪೇರಿಗೆ ಬರ್ತೀನಿ. ವಿಂಡೋಗೆ ಡಬ್ಲ್ಯೂಎಸ್ ಈಎಕ್ಸ್ ಆ್ಯಪ್‌ವಿಂಡೋ ಅನ್ನೋ ಗುರುತು ಹಾಕಿದ್ರೆ ಯಜಮಾನ ಇದ್ರೂ ಟಾಸ್ಕ್‌ಬಾರಲ್ಲಿ ಬಟನ್ ಬರುತ್ತೆ. ಹೆಕ್ಸ್, ಅಂದ್ರೆ ಹದಿನಾರರ ಲೆಕ್ಕದಲ್ಲಿ ಅದರ ನಂಬರ್ 40000. ಆಟೋಹಾಟ್‌ಕೀಲಿ ವಿನ್‌ಸೆಟ್‌ಎಕ್ಸ್‌ಸ್ಟೈಲ್ ಅಂತ ಕಮಾಂಡ್ ಇದೆ, ಹಾಕ್ದೆ, ಏನೂ ಆಗ್ಲಿಲ್ಲ. ಗುರುತು ಬಿದ್ದಿದೆ, ವಾಪಸ್ ಓದಿದ್ರೆ ತೋರ್ಸುತ್ತೆ, ಬಟನ್ ಮಾತ್ರ ಇಲ್ಲ. ಇದಕ್ಕೂ ಒಂದು ಕ್ರಮ ಇದೆ, ವಿಂಡೋನ ಮೊದಲು ಹೈಡ್ ಮಾಡ್ಬೇಕು, ಆಮೇಲೆ ಗುರುತು ಹಾಕ್ಬೇಕು, ಆಮೇಲೆ ಶೋ ಮಾಡ್ಬೇಕು, ಟಾಸ್ಕ್‌ಬಾರ್ ಆಗ ಮಾತ್ರ ಹೊಸದಾಗಿ ಕಣ್ಣು ಬಿಟ್ಟು ನೋಡೋದು. ಹಾಗೆ ಮಾಡಿದ್ಮೇಲೆ ಬಟನ್ ಬಂತು, ಆಲ್ಟ್ ಟ್ಯಾಬಲ್ಲೂ ಬಂತು. ಆ ಕ್ಷಣಕ್ಕೆ ವಿಂಡೋ ಒಂದ್ಸಲ ಪಕ್ಕನೆ ಕಣ್ಣು ಹೊಡೆದ ಹಾಗೆ ಮಿನುಗುತ್ತೆ, ಇರ್ಲಿ.

ಮೇಲೇ ಕೂತಿರೋದು ಮಾತ್ರ ಹೋಗ್ಲಿಲ್ಲ. ಯಜಮಾನನ ಸಂಬಂಧಾನೇ ಕತ್ತರಿಸೋಕೆ ದಾರಿ ಹುಡುಕ್ತಾ ಹೋದೆ, ಆಮೇಲೆ ಬೇಡ ಅನ್ನಿಸ್ತು. ಅದು ಇನ್ನೊಬ್ಬರ ಪ್ರೋಗ್ರಾಮಿನ ಹೊಟ್ಟೆಗೆ ಕೈ ಹಾಕಿದ ಹಾಗೆ, ಅವರು ಯಜಮಾನ ಇದ್ದಾನೆ ಅಂತ ನಂಬ್ಕೊಂಡು ಬರೆದಿರೋ ಕೋಡ್ ಎಲ್ಲಿ ಕುಸಿಯುತ್ತೋ ಗೊತ್ತಿಲ್ಲ, ಸೇವ್ ಮಾಡೋ ಹೊತ್ತಲ್ಲಿ ಕುಸಿದ್ರೆ ನನ್ನ ಒಂದು ವಾರದ ಅಕ್ಷರ ಹೋಯ್ತು. ಮತ್ತೆ ನನ್ನ ಎರಡನೇ ವಿಂಡೋ ಹೆಂಗೂ ಬೇರೆ ಮಾನಿಟರಲ್ಲಿ ಇರೋದು, ಯಾರ ಮೇಲೆ ಕೂತ್ರೆ ನನಗೇನು. ಒಂದೇ ಮಾನಿಟರ್ ಇರೋರಿಗೆ ಇದು ಪರಿಹಾರ ಅಲ್ಲ, ಅವರು ಪ್ರೋಗ್ರಾಮಿನ ಒಳಗೇ ಚೌಕಟ್ಟನ್ನ ಎರಡು ಪಾಲು ಮಾಡಿ ಟ್ಯಾಬ್‌ಗಳನ್ನ ಅಕ್ಕಪಕ್ಕ ಇಡೋದೇ ವಾಸಿ, ಮಾಡಿ ನೋಡ್ದೆ, ಪರವಾಗಿಲ್ಲ, 800% ಗೆ ಜಾಗ ಇಕ್ಕಟ್ಟಾಗುತ್ತೆ ಅಷ್ಟೇ.

ಗುರುವಾರ ಎಲ್ಲಾ ಸೇರಿಸಿ ಒಂದೇ ಸ್ಕ್ರಿಪ್ಟ್ ಮಾಡ್ದೆ. ಒಂದೇ ಫೈಲಿನ ಎರಡು ವಿಂಡೋ ಇದ್ರೆ ಪ್ರೋಗ್ರಾಮು ಹೆಸರಿನ ಕೊನೆಗೆ :1, :2 ಅಂತ ಹಾಕುತ್ತೆ, ಅದನ್ನೇ ಹಿಡ್ಕೊಂಡೆ. ಟ್ಯಾಬ್ ಹೊರಗೆ ಎಳೆದು ಬಿಟ್ಟು ಕಂಟ್ರೋಲ್ ಆಲ್ಟ್ 1 ಒತ್ತಿದ್ರೆ, ಹೆಸರಲ್ಲಿ :2 ಇರೋ ವಿಂಡೋ ಹುಡುಕುತ್ತೆ, ಹೈಡ್ ಮಾಡಿ ಗುರುತು ಹಾಕಿ ಶೋ ಮಾಡುತ್ತೆ, ಎಡ ಮಾನಿಟರಿಗೆ ಎರಡು ಸಲ ತಳ್ಳುತ್ತೆ, ಕೊನೆಗೆ ಝೂಮ್ 96% ಮಾಡೋ ನನ್ನ ಶಾರ್ಟ್‌ಕಟ್ ತಾನೇ ಒತ್ತುತ್ತೆ. ಕಂಟ್ರೋಲ್ ಆಲ್ಟ್ 2 ಪ್ಯಾನೆಲ್‌ಗಳಿಗೆ. ಮೊದಲ ಸಲ ಒತ್ತಿದಾಗ ನನ್ನ ಟೆಕ್ಸ್ಟ್ ಎಡಿಟರೇ ಹಾರಿ ಎಡಕ್ಕೆ ಹೋಗಿ ಕೂತಿತ್ತು, ಯಾಕಂದ್ರೆ ಅದರ ಟೈಟಲ್ ಬಾರಲ್ಲೂ :2 ಇತ್ತು, ಆಟೋಹಾಟ್‌ಕೀ ಎರಡನೇ ಆವೃತ್ತಿ ಹೆಸರಿನ ಒಳಗೆ ಎಲ್ಲಿದ್ರೂ ಸಾಕು ಅಂತ ಹಿಡಿಯುತ್ತೆ. ಡಿಸೈನ್ ಪ್ರೋಗ್ರಾಮಿನದ್ದೇ ಆಗಿರ್ಬೇಕು ಅಂತ ಒಂದು ಷರತ್ತು ಸೇರಿಸಿದ್ಮೇಲೆ ಸರಿಹೋಯ್ತು.

ಪ್ಯಾನೆಲ್‌ಗಳಿಗೆ ವರ್ಕ್‌ಸ್ಪೇಸ್ ಸರಿ ಮಾಡಿದ್ಮೇಲೂ ಶಾರ್ಟ್‌ಕಟ್ ಯಾಕೆ ಬೇಕು ಅಂದ್ರೆ, ಮಾನಿಟರ್ ಮಲಗೋದು. ನಾನು ಎದ್ದು ಹೋಗಿ ಅರ್ಧ ಗಂಟೆ ಬಿಟ್ಟು ಬಂದ್ರೆ ಹಳೇ ಮಾನಿಟರ್ ಮಲಗಿರುತ್ತೆ, ವಿಂಡೋಸ್ ಅದನ್ನ ಕಿತ್ತೇ ಹಾಕಿದ್ದಾರೆ ಅಂದ್ಕೊಂಡು ಅದರ ಮೇಲಿದ್ದಿದ್ದೆಲ್ಲಾ ದೊಡ್ಡದಕ್ಕೆ ಸುರಿಯುತ್ತೆ. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗಲ್ಲಿ ಮಾನಿಟರ್ ವಾಪಸ್ ಬಂದ್ರೆ ವಿಂಡೋಗಳನ್ನ ಹಳೇ ಜಾಗಕ್ಕೆ ಕಳಿಸೋ ಆಯ್ಕೆ ಇದೆ, ಆನ್ ಮಾಡಿದ್ದೀನಿ, ಮಿಕ್ಕ ಪ್ರೋಗ್ರಾಮುಗಳು ಸರಿಯಾಗಿ ವಾಪಸ್ ಹೋಗ್ತವೆ, ಈ ಪ್ಯಾನೆಲ್‌ಗಳು ಮಾತ್ರ ಬೀದಿಗೆ ಬಿದ್ದ ಹಾಗೆ ಡ್ರಾಯಿಂಗ್ ಮೇಲೇ ಹರಡ್ಕೊಂಡಿರ್ತವೆ. ಬಂದು ಕೂತ ತಕ್ಷಣ ಕಂಟ್ರೋಲ್ ಆಲ್ಟ್ 2, ಎಲ್ಲಾ ಸಾಲಾಗಿ ಎಡಕ್ಕೆ ಹೋಗ್ತವೆ.

ಸಂಜೆ 'ಕ್ಷ' ಮುಗಿಸಿದೆ. ಬಲಗಡೆ 800% ನಲ್ಲಿ ಒತ್ತಿನ ಒಳಗಿನ ಪಾಯಿಂಟನ್ನ ಒಂದೂವರೆ ಕೂದಲಷ್ಟು ಹೊರಕ್ಕೆ ಎಳೆದೆ, ಎಡಗಡೆ ಚಿಕ್ಕದರಲ್ಲಿ ಮುಚ್ಕೊಂಡಿದ್ದ ಜಾಗದಲ್ಲಿ ಬೆಳಕು ಕಾಣಿಸ್ತು. ಈಗ ಉಳಿದಿರೋದು ಬಣ್ಣದ ಪ್ಯಾನೆಲ್ ಒಂದೇ, ಅದು ಹತ್ತರಲ್ಲಿ ಒಂದು ಸಲ 213ಕ್ಕೆ ಕುಗ್ಗಿ ಅಲ್ಲೇ ನಿಂತುಬಿಡುತ್ತೆ, 100 ಮಿಲಿಸೆಕೆಂಡ್ ಇದ್ದಿದ್ದನ್ನ 250 ಮಾಡಿದ್ದೀನಿ, ನಾಳೆ ನೋಡ್ಬೇಕು. ಆಟೋ ಅಪ್‌ಡೇಟ್ ಆಫ್ ಮಾಡಿ ಆಗಿದೆ.